ವಾಕಿಂಗ್‌ನಲ್ಲಿ ಎಳೆಯುವ ನಾಯಿ: ನಾವು ಮಾಡಿ ನೋಡಿದ ಮೂರು ದಾರಿ

ಕೆಂಚಿ ನಮ್ಮ ಬೀದಿಯಲ್ಲೇ ಹುಟ್ಟಿದವಳು. ಹತ್ತು ತಿಂಗಳಾದಾಗ ಮನೆಗೆ ಬಂದಳು. ಈಗ 17 ಕಿಲೋ ಇದ್ದಾಳೆ. ಗೇಟು ತೆಗೆದ ಕೂಡಲೇ ಮೈಯೆಲ್ಲ ಮುಂದಕ್ಕೆ ಹಾಕಿ ಎಳೆಯುತ್ತಿದ್ದಳು. ಅಮ್ಮನಿಗೆ ಭುಜ ನೋವು ಬಂದು, ಅವಳನ್ನು ಹೊರಗೆ ಕರೆದುಕೊಂಡು ಹೋಗುವುದನ್ನೇ ಬಿಟ್ಟರು. ಬೆಳಗಿನ ಆ ಅರ್ಧ ಗಂಟೆ ಇಬ್ಬರಿಗೂ ತುಂಬಾ ಇಷ್ಟವಾಗಿತ್ತು. ಅದಕ್ಕೇ ಹೇಗಾದರೂ ಸರಿ ಮಾಡಬೇಕು ಅಂತ ಕೂತೆ.

ಮೊದಲು ಚೋಕ್ ಚೈನ್, ಅಂದರೆ ಎಳೆದಷ್ಟೂ ಕತ್ತಿಗೆ ಬಿಗಿಯಾಗುವ ಸರಪಳಿ. ನಾಯಿಗೆ ಕಲಿಸುವವರೊಬ್ಬರು ಹೇಳಿದ್ದರು. ಎಳೆತ ಕಡಿಮೆಯಾದದ್ದು ನಿಜ. ಆದರೆ ಕೆಮ್ಮಿದಳು. ಬೇರೆ ನಾಯಿ ಕಂಡು ಮುಂದೆ ನುಗ್ಗಿದಾಗಲೆಲ್ಲ ಕತ್ತು ಬಿಗಿಯುತ್ತಿತ್ತು. ಎರಡನೇ ದಿನ ಸಂಜೆ, ದಿನಾ ಬಾಲ ಆಡಿಸಿ ಮಾತಾಡಿಸುತ್ತಿದ್ದ ಪಕ್ಕದ ಮನೆ ನಾಯಿಗೇ ಗುರ್ ಎಂದಳು. ನೋವು ಬಂದದ್ದು ಆ ನಾಯಿಯಿಂದಲೇ ಅಂದುಕೊಂಡಳೇನೋ. ಅವತ್ತೇ ತೆಗೆದಿಟ್ಟೆ. ಇದನ್ನು ಬಳಸಿ ಅಂತ ಯಾರಿಗೂ ಹೇಳಲಾರೆ.

ಆಮೇಲೆ, ಎಳೆದಾಗ ನಿಂತುಬಿಡುವುದು. ನಾಯಿ ಎಳೆಯುವುದೇ ಮುಂದೆ ಹೋಗಲು. ಎಳೆದರೆ ಮುಂದೆ ಹೋಗಲಾಗದು ಅಂತ ಗೊತ್ತಾದರೆ ಬಿಡುತ್ತದೆ. ಲೆಕ್ಕ ಸರಿಯಾಗಿದೆ. ನಡೆಸುವುದು ಕಷ್ಟ. ಮೊದಲ ದಿನ ಬೀದಿಯ ಮೂಲೆ ತಲುಪಲು 25 ನಿಮಿಷ ಹಿಡಿಯಿತು. ಜೊತೆಗೆ ಮನೆಯವರೆಲ್ಲರೂ ಒಂದೇ ರೀತಿ ನಡೆದುಕೊಳ್ಳಬೇಕು. ನಾನು ನಿಲ್ಲುತ್ತಿದ್ದೆ, ಆಫೀಸಿಗೆ ಹೊತ್ತಾಯಿತು ಅಂತ ತಮ್ಮ ನಿಲ್ಲುತ್ತಿರಲಿಲ್ಲ. ಹತ್ತರಲ್ಲಿ ಒಂದು ಸಲ ಎಳೆತ ಫಲಿಸಿದರೂ ನಾಯಿ ಇನ್ನೂ ಹಟದಿಂದ ಎಳೆಯುತ್ತದೆ. ಎರಡು ವಾರವಾದರೂ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಇಲ್ಲಿ ಏನು ಮಾಡಬಾರದು ಅಂತ ಮಾತ್ರ ಹೇಳುತ್ತಿದ್ದೇವೆ, ಏನು ಮಾಡಬೇಕು ಅಂತ ಅವಳಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಮೂರನೆಯದು, ಪಕ್ಕದಲ್ಲಿ ನಡೆದಾಗ ಬಹುಮಾನ. ನಮ್ಮದು ಸಸ್ಯಾಹಾರಿ ಮನೆ. ಬಿಸ್ಕೆಟ್ ಅಗಿಯುತ್ತಾ ನಿಂತುಬಿಡುತ್ತಿದ್ದಳು. ಉಪ್ಪಿಲ್ಲದ ಪನೀರನ್ನು ಬಟಾಣಿಯಷ್ಟು ಸಣ್ಣಗೆ ಕತ್ತರಿಸಿ ಕೊಟ್ಟಾಗ ಕೆಲಸ ನಡೆಯಿತು. ಅಷ್ಟನ್ನೇ ರಾತ್ರಿ ಊಟದಲ್ಲಿ ಕಡಿಮೆ ಮಾಡಿದೆ. ನನ್ನ ಮೊಣಕಾಲಿನ ಪಕ್ಕ ಬಂದ ಕ್ಷಣಕ್ಕೇ 'ಹೂಂ' ಅನ್ನುವುದು, ತಕ್ಷಣ ಪನೀರು ಕೊಡುವುದು. ಎರಡು ಸೆಕೆಂಡ್ ತಡವಾದರೆ ಅವಳು ಆಗಲೇ ಬೇರೆ ಏನೋ ಮಾಡುತ್ತಿರುತ್ತಾಳೆ, ಬಹುಮಾನ ಅದಕ್ಕೆ ಸಿಕ್ಕಂತಾಗುತ್ತದೆ. 'ಹೂಂ' ಬದಲು ಕ್ಲಿಕ್ಕರ್ (ಒತ್ತಿದರೆ ಟಕ್ ಅನ್ನುವ ಪುಟ್ಟ ಸಾಧನ) ಬಳಸಬಹುದು, ಅದರ ಸದ್ದು ನಮ್ಮ ದನಿಗಿಂತ ಖಚಿತ. ಆದರೆ ಲೀಶ್ (ನಾಯಿಗೆ ಕಟ್ಟಿ ಹಿಡಿಯುವ ಹಗ್ಗ), ಪನೀರು, ಕ್ಲಿಕ್ಕರ್ ಮೂರನ್ನೂ ಹಿಡಿಯಲು ಅಮ್ಮನಿಗೆ ಕೈ ಸಾಲದು, ಅದಕ್ಕೆ ಮಾತೇ ಇಟ್ಟುಕೊಂಡೆವು. ಅಭ್ಯಾಸ ಮೊದಲು ಮನೆಯ ಹಾಲ್‌ನಲ್ಲಿ, ಆಮೇಲೆ ಟೆರೇಸ್ ಮೇಲೆ, ಕೊನೆಗೆ ಬೀದಿಯಲ್ಲಿ.

ಲೈಟ್ ಕಂಬದ ಹತ್ತಿರ ಮಾತ್ರ ಪನೀರೂ ಸೋತಿತು. ಅಲ್ಲಿ ಅವಳಿಗೆ ಬೇಕಾಗಿದ್ದದ್ದು ವಾಸನೆ. ಹಾಗಾಗಿ ಅದನ್ನೇ ಬಹುಮಾನ ಮಾಡಿದೆ. ನಾಲ್ಕು ಹೆಜ್ಜೆ ಲೀಶ್ ಸಡಿಲವಾಗಿದ್ದರೆ 'ಹೋಗು' ಅಂತ ಕಂಬಕ್ಕೆ ಬಿಡುವುದು, ಮನಸಾರೆ ಮೂಸಲಿ. ನಮಗೆ ಜಾಸ್ತಿ ಉಪಯೋಗವಾದದ್ದು ಇದೇ.

ಎದೆಯ ಮುಂದೆ ಲೀಶ್ ಸಿಕ್ಕಿಸುವ ರಿಂಗ್ ಇರುವ ಹಾರ್ನೆಸ್ (ಕತ್ತಿನ ಬದಲು ಎದೆ ಸುತ್ತ ಹಾಕುವ ಪಟ್ಟಿ) ಕೂಡ ತಂದೆವು. ಅದು ಕತ್ತಿಗೆ ಹಿತ, ಎಳೆತದ ಬಲವೂ ಕಡಿಮೆ. ಕಲಿಸುವ ಕೆಲಸವನ್ನು ಅದು ಮಾಡುವುದಿಲ್ಲ.

ಆರು ವಾರವಾಯಿತು. ಅಮ್ಮ ಈಗ ಕೆಂಚಿಯ ಜೊತೆ ಹಾಲಿನ ಬೂತ್‌ವರೆಗೆ ಹೋಗಿ ಬರುತ್ತಾರೆ. ಬೆಕ್ಕು ಕಂಡರೆ ಇನ್ನೂ ಎಳೆಯುತ್ತಾಳೆ. ಆಗ ಅಮ್ಮ ಸುಮ್ನೆ ನಿಲ್ಲುತ್ತಾರೆ, ಅವಳು ತಿರುಗಿ ನೋಡಿದ ಕೂಡಲೇ 'ಹೂಂ' ಅನ್ನುತ್ತಾರೆ.