ಲಕ್ಕುಂಡಿಯಲ್ಲಿ ಅಳಿದ ಗುಡಿಯನ್ನು ತೋರಿಸಿದ ಮಾರ್ಗದರ್ಶಿ

ಗದಗದಿಂದ ಸುಮಾರು 12 ಕಿ.ಮೀ. ದೂರದ ಲಕ್ಕುಂಡಿಗೆ ಹೋದವರು ಸಾಮಾನ್ಯವಾಗಿ ಕಾಶಿವಿಶ್ವನಾಥ ಗುಡಿ, ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ಮತ್ತು ಮುಸುಕಿನ ಬಾವಿಯನ್ನು ನೋಡಿ ಮಧ್ಯಾಹ್ನದೊಳಗೆ ಮರಳುತ್ತಾರೆ. ಎರಡು ಸಲ ನಾನೂ ಹಾಗೆಯೇ ಮರಳಿದ್ದೆ. ಈ ಸಲ ಊರಿನವರೇ ಆದ ಮಾರ್ಗದರ್ಶಿಯೊಬ್ಬರನ್ನು ಅರ್ಧ ದಿನಕ್ಕೆ 800 ರೂಪಾಯಿಗೆ ಗೊತ್ತು ಮಾಡಿಕೊಂಡೆ.

ಅವರು ನೇರವಾಗಿ ಒಂದು ಓಣಿಗೆ ಕರೆದೊಯ್ದು ಮನೆಯೊಂದರ ಕಟ್ಟೆಯನ್ನು ತೋರಿಸಿದರು. ಗುಡಿಯ ಅಧಿಷ್ಠಾನಕ್ಕೆ, ಅಂದರೆ ಗೋಡೆಯ ಕೆಳಗಿನ ಪೀಠಕ್ಕೆ, ಸೇರಬೇಕಾದ ಅಂಚುಪಟ್ಟಿಯ ಕಲ್ಲು ಅಲ್ಲಿ ತಲೆಕೆಳಗಾಗಿ ಕುಳಿತಿತ್ತು. ಹಿತ್ತಲಿನಲ್ಲಿದ್ದ ಬಾಗಿಲವಾಡದ ಅಗಲವನ್ನೂ ಎತ್ತು ಕಟ್ಟುವ ಕಂಬದ ತುಂಡಿನ ದಪ್ಪವನ್ನೂ ಗೇಣಿನಲ್ಲಿ ಅಳೆದು, ಇದು ಒಂದೇ ಗರ್ಭಗೃಹದ ಚಿಕ್ಕ ಗುಡಿಯಾಗಿರಬೇಕೆಂದು ವಿವರಿಸಿದರು. ಮನೆಯ ಅಜ್ಜಿ, "ನಮ್ಮ ಹಿರ್ಯಾರ ಕಾಲದಿಂದ ಈ ಕಲ್ಲು ಹಿಂಗ ಅದಾವ್ರಿ, ಗುಡಿ ಕಂಡಾವ್ರು ಯಾರೂ ಇಲ್ರಿ" ಎಂದರು.

ಗುಡಿ ಹೇಗೆ ಅಳಿಯುತ್ತದೆ ಎಂಬುದನ್ನು ಮಾರ್ಗದರ್ಶಿ ವಿವರಿಸಿದ ರೀತಿಗಾಗಿಯೇ ಈ ಸೇವೆಯನ್ನು ಮೆಚ್ಚುತ್ತೇನೆ. ಚಾಲುಕ್ಯರ ಕಾಲದ ಈ ಕಟ್ಟಡಗಳಲ್ಲಿ ಗಾರೆಯಿಲ್ಲ, ಕಲ್ಲಿನ ಮೇಲೆ ಕಲ್ಲು ಕೂಡಿಸಿದ್ದು. ಆದ್ದರಿಂದ ಚಾವಣಿಯ ಚಪ್ಪಡಿ ಒಮ್ಮೆ ಜಾರಿತೆಂದರೆ ಉಳಿದ ಕಲ್ಲುಗಳನ್ನು ಬಿಡಿಸಿ ಮನೆಗೆ ಒಯ್ಯುವುದು ಸುಲಭ. ಶಾಸನಗಳಲ್ಲಿ ದೇವರಿಗೆ ಬಿಟ್ಟ ಭೂಮಿಯನ್ನು ಮತ್ತರು ಎಂಬ ಹಳೆಯ ಅಳತೆಯಲ್ಲಿ ಎಣಿಸಿ, 'ಖಂಡಸ್ಫುಟಿತ ಜೀರ್ಣೋದ್ಧಾರ'ಕ್ಕೆ, ಅಂದರೆ ಒಡೆದು ಬಿರಿದುದನ್ನು ಸರಿಪಡಿಸಲಿಕ್ಕೆ, ಎಂದು ಸ್ಪಷ್ಟವಾಗಿ ಹೇಳಿರುತ್ತದೆ. ಆ ಭೂಮಿಯ ಹುಟ್ಟುವಳಿ ನಿಂತರೆ ದುರಸ್ತಿಯೂ ನಿಲ್ಲುತ್ತದೆ. ನಾಗನಾಥ ಗುಡಿ ಮೂಲತಃ ಜೈನ ಬಸದಿ. ದೇವರು ಬದಲಾದರೂ ಪೂಜೆ ಮುಂದುವರಿದುದರಿಂದ ಅದು ಉಳಿಯಿತೆಂಬ ಅವರ ಮಾತು ನನಗೆ ಒಪ್ಪಿಗೆಯಾಯಿತು. ಹೊಯ್ಸಳ ಅರಸ ಇಮ್ಮಡಿ ಬಲ್ಲಾಳನ ನೆಲೆವೀಡಾಗಿದ್ದ ಲೊಕ್ಕಿಗುಂಡಿ, ಅಂದರೆ ಇಂದಿನ ಲಕ್ಕುಂಡಿ, ರಾಜಾಶ್ರಯ ತಪ್ಪಿ ಹಳ್ಳಿಯಾದ ಮೇಲೆ ಎಷ್ಟು ಚಿಕ್ಕ ಗುಡಿಗಳು ಹೀಗೆ ಕಟ್ಟೆಗಳಾಗಿ ಹಂಚಿಹೋದವೋ ಎಂದು ಮನಸ್ಸು ಭಾರವಾಯಿತು.

ಎರಡು ಆಕ್ಷೇಪಗಳಿವೆ. '101 ಗುಡಿ, 101 ಬಾವಿ' ಎಂಬ ಊರ ಮಾತನ್ನು ಅವರು ಎಣಿಸಿ ನೋಡಿದ ಲೆಕ್ಕದಂತೆ ಹೇಳಿದರು. ಪ್ರತೀತಿಯನ್ನು ಪ್ರತೀತಿಯೆಂದೇ ಹೇಳಬೇಕು. ಎರಡನೆಯದು ಹೆಚ್ಚು ಗಂಭೀರವಾದದ್ದು. ಶಾಸನವೊಂದರ ಅಕ್ಷರ ಕಾಣಲೆಂದು ಅವರು ಸೀಮೆಸುಣ್ಣ ತೆಗೆದು ಉಜ್ಜತೊಡಗಿದರು, ನಾನು ತಡೆದೆ. ಶಾಸನ ಕೆತ್ತಿದ ಬಳಪದ ಕಲ್ಲು ಮೆತ್ತಗಿನದು, ಉಜ್ಜಿದಷ್ಟೂ ಅಕ್ಷರ ಸವೆಯುತ್ತದೆ. ಬ್ಯಾಟರಿಯ ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಟ್ಟರೆ ಸಾಕು. ಹಾಗೆ ಮಾಡಿ ತೋರಿಸಿದಾಗ ಮೇಲ್ತುದಿಯ ಸೂರ್ಯ, ಚಂದ್ರ, ಹಸು-ಕರು ಸ್ಪಷ್ಟವಾಗಿ ಎದ್ದು ಕಂಡವು. ಅವರೂ ಸಂಕೋಚವಿಲ್ಲದೆ ಒಪ್ಪಿಕೊಂಡು ಸೀಮೆಸುಣ್ಣವನ್ನು ಕಿಸೆಗೆ ಹಾಕಿಕೊಂಡರು.

ಹೋಗುವವರು ಎಳೆಬಿಸಿಲಿನ ಹೊತ್ತಿಗೇ ಹೋಗಬೇಕು, ಬ್ಯಾಟರಿಯೊಂದನ್ನು ಒಯ್ಯಬೇಕು, ಮನೆಯವರನ್ನು ಕೇಳಿಯೇ ಹಿತ್ತಲಿಗೆ ಕಾಲಿಡಬೇಕು.