ಎನ್‌ವಿಡಿಎಯಲ್ಲಿ ಕನ್ನಡ ಪಠ್ಯಪುಸ್ತಕ: ಇಡೀ ಶಾಲಾ ವರ್ಷ ಬಳಸಿದ ಮೇಲೆ

ಉಡುಪಿ ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕಣ್ಣು ಕಾಣದ ಮಕ್ಕಳಿಗೆ ಪಾಠ ಹೇಳುವ ನಮ್ಮಂಥವರಿಗೆ ಎನ್‌ವಿಡಿಎ (ಕಂಪ್ಯೂಟರ್ ಪರದೆಯ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ) ಇಲ್ಲದೆ ಕೆಲಸ ಸಾಗದು. ಪೂರ್ತಿ ಉಚಿತ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ಜೊತೆಗೇ ಬರುವ ಇ-ಸ್ಪೀಕ್ ಎಂಬ ಧ್ವನಿ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ಧ್ವನಿ ಯಂತ್ರದ್ದೇ, ಮಕ್ಕಳ ಕಿವಿ ಬೇಗ ಹೊಂದಿಕೊಳ್ಳುತ್ತದೆ. ಹೊಸಬರಿಗೆ ವೇಗ ಕಡಿಮೆ ಇಟ್ಟು ನಿಧಾನಕ್ಕೆ ಏರಿಸಿ.

ಉಚಿತವಾಗಿ ಸಿಗುವ ಪಠ್ಯಪುಸ್ತಕದ ಪಿಡಿಎಫ್ ಅರ್ಥವಾಗದ ಹಾಗೆ ಓದಿದರೆ ಎನ್‌ವಿಡಿಎಯನ್ನು ಬೈಯಬೇಡಿ. ಮೊದಲು ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ. ಕನ್ನಡ ಕನ್ನಡವಾಗಿಯೇ ಬಂದರೆ ಅದು ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಗುರುತಿಸುವ ಅಕ್ಷರ ಸಂಕೇತ), ಅರ್ಧ ಕೆಲಸ ಮುಗಿಯಿತು. ಏನೂ ಬರದಿದ್ದರೆ ಪುಟ ಬರೀ ಸ್ಕ್ಯಾನ್ ಮಾಡಿದ ಚಿತ್ರ. ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆಗಳ ಕಲಸುಮೇಲೋಗರ ಬಂದರೆ ಅದು ಹಳೆಯ ನುಡಿ ಫಾಂಟು. ಅದರಲ್ಲಿ ‘ನ’ ಅಕ್ಷರ ಕೂತಿರುವುದೇ ಪೌಂಡ್ ಚಿಹ್ನೆಯ ಜಾಗದಲ್ಲಿ. ಕಣ್ಣಿಗೆ ‘ಕನ್ನಡ’ ಎಂದು ಚೆಂದವಾಗಿ ಕಾಣುವುದು ಕಿವಿಗೆ ‘ಪಿ... ಪೌಂಡ್...’ ಎಂದು ಬೀಳುತ್ತದೆ. ಪುಸ್ತಕ ಮಾಡುವವರು ಒಮ್ಮೆ ಕೇಳಿಸಿಕೊಂಡಿದ್ದರೆ ಸಾಕಿತ್ತು ಎಂದು ನಿಜಕ್ಕೂ ಸಂಕಟವಾಗುತ್ತದೆ.

ನುಡಿ ಪಿಡಿಎಫ್ ಆದರೆ ನುಡಿ-ಯೂನಿಕೋಡ್ ಪರಿವರ್ತಕಕ್ಕೆ ಹಾಕಿ. ಒಸಿಆರ್‌ಗಿಂತ (ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯ ಮಾಡುವ ವಿಧಾನಕ್ಕಿಂತ) ಇದೇ ಶುದ್ಧ. ಆಮೇಲೆ ಅರ್ಕಾವತ್ತನ್ನು ನೋಡಲೇಬೇಕು. ನುಡಿಯಲ್ಲಿ ಅರ್ಕಾವತ್ತಿನ ಗುರುತು ವ್ಯಂಜನದ ನಂತರ ಇರುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಸರಿಸದಿದ್ದರೆ ‘ಸೂರ್ಯ’ ಹೋಗಿ ‘ಸೂಯರ್’, ‘ವರ್ಷ’ ಹೋಗಿ ‘ವಷರ್’ ಆಗುತ್ತದೆ. ಒಟ್ಟಿಗೇ ‘ರಿಪ್ಲೇಸ್ ಆಲ್’ ಒತ್ತಬೇಡಿ: ವಿಜ್ಞಾನದ ಪಾಠದಲ್ಲಿ ‘ಲೀಟರ್’, ‘ಮೀಟರ್’ ಸರಿಯಾಗಿಯೇ ಇರುತ್ತವೆ, ಅವು ‘ಲೀರ್ಟ’, ‘ಮೀರ್ಟ’ ಆಗಿಬಿಡುತ್ತವೆ. ‘ರ್’ನಿಂದ ಮುಗಿಯುವ ಪದಗಳನ್ನು ಹುಡುಕಿ ಒಂದೊಂದಾಗಿ ತಿದ್ದಿ. ಬೇಸರದ ಕೆಲಸ, ಆದರೆ ಬಿಡುವಂತಿಲ್ಲ. ಮಗು ಕೇಳಿದ್ದನ್ನೇ ಬರೆಯುತ್ತದೆ.

ಸ್ಕ್ಯಾನ್ ಪುಟಗಳನ್ನು 300 ಡಿಪಿಐ ಚಿತ್ರಗಳಾಗಿ ಉಳಿಸಿ, ಗೂಗಲ್ ಡ್ರೈವಿಗೆ ಹಾಕಿ, ‘ಓಪನ್ ವಿತ್’ನಲ್ಲಿ ಗೂಗಲ್ ಡಾಕ್ಸ್ ಆರಿಸಿ, ಅದು ಒಸಿಆರ್ ಮಾಡಿ ಪಠ್ಯ ಕೊಡುತ್ತದೆ. ಫೈಲು 2 ಎಂಬಿ ಒಳಗಿರಲಿ. ಇಲ್ಲಿ ತೊಂದರೆ ಕೊಡುವುದು ಅನುಸ್ವಾರ: ‘ಂ’ ಇರಬೇಕಾದಲ್ಲಿ ಕನ್ನಡದ ಸೊನ್ನೆ ‘೦’ ಬಂದಿರುತ್ತದೆ. ನೋಡಲು ವ್ಯತ್ಯಾಸವೇ ಗೊತ್ತಾಗದು, ಕೇಳಲು ‘ಸಂಖ್ಯೆ’ ನಡುವೆಯೇ ಮುರಿಯುತ್ತದೆ. ಪುಸ್ತಕದ ಅಂಕಿಗಳೆಲ್ಲ 1, 2, 3 ರೂಪದಲ್ಲಿದ್ದರೆ ಇದನ್ನು ಮಾತ್ರ ಧೈರ್ಯವಾಗಿ ಒಟ್ಟಿಗೇ ಬದಲಾಯಿಸಬಹುದು.

ಪಾಠದ ಹೆಸರಿಗೆ ಕಂಟ್ರೋಲ್-ಆಲ್ಟ್-1, ಒಳ ತಲೆಬರಹಕ್ಕೆ ಕಂಟ್ರೋಲ್-ಆಲ್ಟ್-2 ಕೊಡಿ. ಅಕ್ಷರ ದಪ್ಪ ಮಾಡಿದರೆ ಅದು ತಲೆಬರಹ ಆಗುವುದಿಲ್ಲ. ಆಮೇಲೆ ವರ್ಡ್‌ನಲ್ಲಿ ತೆರೆದು ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್) ಜೊತೆ ಸ್ಪೇಸ್ ಒತ್ತಿ ಬ್ರೌಸ್ ಮೋಡಿಗೆ ಹೋದರೆ, ‘ಎಚ್’ ಒತ್ತುತ್ತ ತಲೆಬರಹದಿಂದ ತಲೆಬರಹಕ್ಕೆ ಹಾರಿ ಮಗು ತಾನೇ ಅಭ್ಯಾಸದ ಪ್ರಶ್ನೆಗಳಿಗೆ ತಲುಪುತ್ತದೆ. ಇದಿಲ್ಲದಿದ್ದರೆ ಮೊದಲಿನಿಂದ ಕೇಳುತ್ತ ಕೂರಬೇಕು.

ಗಣಿತದಲ್ಲಿ ಎನ್‌ವಿಡಿಎಗೆ ನಾವು ಅಂಕ ಕೊಡುವುದಿಲ್ಲ. ಪಿಡಿಎಫ್‌ನಿಂದ ತೆಗೆದಾಗ 10³ ಎಂಬುದು 103 ಆಗುತ್ತದೆ, ಭಿನ್ನರಾಶಿಯ ಅಂಶ ಒಂದು ಸಾಲಿಗೆ, ಛೇದ ಇನ್ನೊಂದು ಸಾಲಿಗೆ ಹೋಗುತ್ತದೆ. ‘10ರ ಘಾತ 3’ ಎಂದು ಪದದಲ್ಲೇ ಬರೆಯುವುದು ಸದ್ಯಕ್ಕೆ ಕನ್ನಡದಲ್ಲಿ ನಂಬಿಗಸ್ತ ದಾರಿ. ನಕ್ಷೆ, ಆಕೃತಿಗಳಿಗೆ ವಿವರಣೆ ಬರೆದರೂ ಸಾಲದು. ರಬ್ಬರ್ ಶೀಟಿನ ಮೇಲೆ ದಪ್ಪ ಕಾಗದ ಇಟ್ಟು, ಆಕೃತಿಯನ್ನು ಎಡಬಲ ತಿರುಗಿಸಿ, ದರ್ಜಿಗಳ ಹಲ್ಲುಚಕ್ರ ಉರುಳಿಸಿ. ಹಿಂಬದಿಯಲ್ಲಿ ಬೆರಳಿಗೆ ಸಿಗುವ ಗೆರೆ ಏಳುತ್ತದೆ.

ಮನೆಗೆ ಮೊಬೈಲೇ ಒಳ್ಳೆಯದು. ಆಂಡ್ರಾಯ್ಡ್ ಫೋನಿನ ಪರದೆ ಓದುವ ಸೌಲಭ್ಯವಾದ ಟಾಕ್‌ಬ್ಯಾಕ್‌ನಲ್ಲಿ ಗೂಗಲ್‌ನ ಕನ್ನಡ ಧ್ವನಿ ಇ-ಸ್ಪೀಕ್‌ಗಿಂತ ಇಂಪು. ಬೈಂದೂರು, ಕಾರ್ಕಳದ ಒಳಭಾಗದವರು ಮಳೆ ಹಿಡಿಯುವ ಮೊದಲೇ ಧ್ವನಿಯ ಫೈಲನ್ನು ಇಳಿಸಿಕೊಳ್ಳಲಿ, ಪಾಠಗಳನ್ನು ಇಪಬ್ (ಇ-ಪುಸ್ತಕದ ಫೈಲು) ಮಾಡಿ ಫೋನಿನಲ್ಲೇ ಇಡಲಿ. ಜೂನ್‌ನಲ್ಲಿ ನೆಟ್‌ವರ್ಕ್ ನಂಬಿ ಕೂರುವಂತಿಲ್ಲ. ಮೂರನೇ ಭಾಷೆಯಾಗಿ ತುಳು ತೆಗೆದುಕೊಂಡವರಿಗೆ ಒಂದು ಮಾತು: ಕನ್ನಡ ಧ್ವನಿ ‘ಇಲ್ಲ್’ (ಮನೆ) ಎಂಬುದರ ಕೊನೆಯ ಅರೆಸ್ವರವನ್ನು ಕತ್ತರಿಸಿಬಿಡುತ್ತದೆ, ಆ ಪಾಠವನ್ನು ಮನುಷ್ಯರೇ ಓದಿ ರೆಕಾರ್ಡ್ ಮಾಡಬೇಕು.

ಇಷ್ಟೆಲ್ಲ ಶುರು ಮಾಡುವ ಮೊದಲು 2016ರಿಂದ ಇರುವ, ಮುದ್ರಿತ ಪುಸ್ತಕ ಓದಲಾಗದವರ ಆನ್‌ಲೈನ್ ಗ್ರಂಥಾಲಯವಾದ ಸುಗಮ್ಯ ಪುಸ್ತಕಾಲಯದಲ್ಲಿ ಆ ಪುಸ್ತಕ ಸಿದ್ಧವಾಗಿದೆಯೇ ಎಂದು ಹುಡುಕಿ. ಕೃತಿಸ್ವಾಮ್ಯದ ಭಯ ಬೇಡ. 2012ರ ತಿದ್ದುಪಡಿಯ ಪ್ರಕಾರ ಅಂಗವೈಕಲ್ಯ ಇರುವವರ ಓದಿಗಾಗಿ, ಲಾಭದ ಉದ್ದೇಶವಿಲ್ಲದೆ ಪುಸ್ತಕದ ರೂಪ ಬದಲಾಯಿಸಲು ಅವಕಾಶವಿದೆ. ತಿದ್ದಿದ ಪ್ರತಿಯನ್ನು ಪಕ್ಕದ ತಾಲ್ಲೂಕಿನ ಶಿಕ್ಷಕರಿಗೂ ಕೊಡಿ. ಅದೇ ‘ಸೂಯರ್’ ಅನ್ನು ಅವರೂ ಕೂತು ತಿದ್ದುತ್ತಿರುತ್ತಾರೆ.