ದಾರ ಒಂದು ಸರಿಯಿದ್ದಿದ್ದರೆ: ಕಟ್ಟಿ ಸಾರ್ಕ್ ಮರದ ಹಡಗಿನ ಕಿಟ್, ಕೊಡಗಿನ ಮಳೆಯಲ್ಲಿ

ಕಿಟ್ ಚೆನ್ನಾಗಿದೆ, ದಾರ ಚೆನ್ನಾಗಿಲ್ಲ. ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಆ ದಾರದಿಂದ ಪಟ್ಟ ಪಾಡು ಸಣ್ಣದಲ್ಲ. ಬರೆಯದಿದ್ದರೆ ಹೊಟ್ಟೆಯುರಿ ಆರುವುದಿಲ್ಲ.

ನಾನೂ ನಮ್ಮ ಮಾವನವರೂ ಸೇರಿ ಮಾಡಿದ್ದು ಕಟ್ಟಿ ಸಾರ್ಕ್ ಹಾಯಿಹಡಗಿನ ಮಾದರಿ. ಯುರೋಪಿನ ಒಂದು ಕಂಪನಿಯ ಕಿಟ್. ಅಳತೆ, ತುಂಡುಗಳ ಲೆಕ್ಕ ಎಲ್ಲ ಡಬ್ಬಿಯ ಮೇಲೇ ಇದೆ, ನೋಡಿಯೇ ಇರುತ್ತೀರಿ. ಮಾವ ಸೇನೆಯಿಂದ ರಿಟೈರ್ ಆದವರು. ಮಡಿಕೇರಿ ಬೆಟ್ಟದ ಮೇಲೆ ಕೂತು ಹಡಗು ಕಟ್ತೀರಾ ಅಂತ ನೆಂಟರೆಲ್ಲ ನಕ್ಕರು. ಅದೂ ಎಂಥ ಹಡಗು? ಚೀನಾದಿಂದ ಲಂಡನ್ನಿಗೆ ಟೀ ಹೊರುತ್ತಿದ್ದ ಹಡಗು! ಮನೆ ಸುತ್ತ ಕಾಫಿ ಗಿಡ, ಮೇಜಿನ ಮೇಲೆ ಟೀ ಹಡಗು. ಮಾವ ಅದನ್ನು 'ಶತ್ರು ಪಾಳಯದ್ದು' ಅಂತಲೇ ಕರೆಯುತ್ತಾರೆ.

ಪಾಪ, ಅದರ ಹಣೆಬರಹವೂ ಹಾಗೇ ಇತ್ತು ಬಿಡಿ. 1869ರ ನವೆಂಬರ್ 17ಕ್ಕೆ ಸೂಯೆಜ್ ಕಾಲುವೆ ತೆರೆಯಿತು. ನವೆಂಬರ್ 22ಕ್ಕೆ ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ ಈ ಹಡಗು ನೀರಿಗಿಳಿಯಿತು. ಹತ್ತಿರದ ದಾರಿ ಹಿಡಿದ ಹಬೆ ಹಡಗುಗಳು ಕೆಲವೇ ವರ್ಷದಲ್ಲಿ ಟೀ ವ್ಯಾಪಾರ ಕಿತ್ತುಕೊಂಡವು. ಆಮೇಲೆ ಇದು ಆಸ್ಟ್ರೇಲಿಯಾದ ಉಣ್ಣೆ ಹೊತ್ತಿತು. ಈಗ ಲಂಡನ್ನಿನ ಗ್ರೀನಿಚ್‌ನಲ್ಲಿ ನೋಡುವವರಿಗಾಗಿ ನಿಂತಿದೆ.

ಹಡಗಿನ ಒಡಲು ಕಟ್ಟುವ ಭಾಗಕ್ಕೆ ನನ್ನ ತಕರಾರಿಲ್ಲ. ಅಡ್ಡಪಟ್ಟಿಗಳೆಲ್ಲ ತಮ್ಮ ತಮ್ಮ ಕಚ್ಚಿನಲ್ಲಿ ಸರಿಯಾಗಿ ಕೂತವು. ಹೊರಗಿನ ಮರದ ಪಟ್ಟಿಗಳನ್ನು ನೀರಲ್ಲಿ ನೆನೆಸಿ ಬಗ್ಗಿಸಿ ಅಂತ ಪುಸ್ತಕ ಹೇಳುತ್ತದೆ. ಮಾವ ಅದನ್ನು ಕೇಳಲಿಲ್ಲ. ಕಡಂಬುಟ್ಟು ಬೇಯಿಸುವ ಪಾತ್ರೆಯ ಹಬೆಗೆ ಹಿಡಿದರು, ಪಟ್ಟಿ ಹೇಳಿದ ಹಾಗೆ ಬಗ್ಗಿತು. ಅಂದಿನಿಂದ ಆ ಪಾತ್ರೆ ಅಡುಗೆಮನೆಗೆ ವಾಪಸ್ ಹೋಗಿಲ್ಲ. ಅತ್ತೆ ಹೊಸದು ತಗೊಂಡರು, ಅದರ ಖರ್ಚನ್ನೂ ಕಿಟ್ಟಿನ ಲೆಕ್ಕಕ್ಕೇ ಸೇರಿಸಬೇಕು.

ಇಲ್ಲಿಯವರಿಗೆ ನಿಜವಾದ ತೊಂದರೆ ಬೇರೆ. ಬಿಸಿಲಿರುವಾಗ ಬಿಡುವಿಲ್ಲ, ಬಿಡುವಿರುವಾಗ ಬಿಸಿಲಿಲ್ಲ. ಡಿಸೆಂಬರಿನಿಂದ ಕಾಫಿ ಕೊಯ್ಲು, ಅದರ ಹಿಂದೆಯೇ ಕಾಳುಮೆಣಸು. ಕೂತು ಸಣ್ಣ ಕೆಲಸ ಮಾಡೋಕೆ ಸಮಯ ಸಿಗುವುದು ಕಕ್ಕಡದ, ಅಂದರೆ ಜುಲೈ-ಆಗಸ್ಟಿನ, ಮಳೆಯಲ್ಲೇ. ಆಗ ಫೆವಿಕಾಲ್ ಒಣಗುವುದೇ ಇಲ್ಲ. ಬೆಳಿಗ್ಗೆ ಅಂಟಿಸಿ ಕ್ಲಿಪ್ ಹಾಕಿದ್ದು ರಾತ್ರಿಗೂ ಬೆರಳಿಗೆ ಅಂಟುತ್ತದೆ. ಫೆವಿಕ್ವಿಕ್ ಅದಕ್ಕೆ ಉಲ್ಟಾ. ಅದು ಗಟ್ಟಿಯಾಗುವುದೇ ಗಾಳಿಯ ತೇವದಿಂದ, ಹಾಗಾಗಿ ಮಳೆಗಾಲದಲ್ಲಿ ತುಂಡನ್ನು ಸರಿಯಾಗಿ ಕೂರಿಸೋಷ್ಟರಲ್ಲಿ ಕಚ್ಚಿಕೊಂಡಿರುತ್ತದೆ.

ಈಗ ದಾರದ ಕಥೆ. ಕಿಟ್ಟಿನಲ್ಲಿ ಬರುವುದು ಹತ್ತಿ ದಾರ. ಕಂಬಗಳನ್ನು ಎಳೆದು ನಿಲ್ಲಿಸುವ ದಾರವನ್ನೆಲ್ಲ ಒಂದು ಬೇಸಿಗೆಯಲ್ಲಿ ಕಟ್ಟಿ ಮುಗಿಸಿದೆವು. ನೋಡೋಕೆ ಬಹಳ ಚೆಂದ ಇತ್ತು. ಜೂನ್ ಬಂತು. ಹತ್ತಿ ತೇವ ಕುಡಿದು ದಪ್ಪಗಾಯಿತು, ದಪ್ಪಗಾದಷ್ಟೂ ಉದ್ದ ಕಡಿಮೆಯಾಯಿತು. ಕಂಬದ ತುದಿಗಳು ಹಿಂದಕ್ಕೆ ಬಾಗಿದವು. ಮೂತಿಯಿಂದ ಮುಂದಕ್ಕೆ ಚಾಚಿದ ಕಂಬ ಒಂದು ರಾತ್ರಿ ಬುಡದಲ್ಲೇ ಕಿತ್ತು ಬಂತು. ಫೆಬ್ರವರಿಯಲ್ಲಿ ನೋಡಿದರೆ ಅದೇ ದಾರಗಳು ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋತು ಬಿದ್ದಿದ್ದವು. ತಮಾಷೆ ಏನು ಗೊತ್ತಾ? ನಿಜವಾದ ಕಟ್ಟಿ ಸಾರ್ಕ್‌ನಲ್ಲಿ ಕಂಬ ಹಿಡಿದು ನಿಲ್ಲಿಸಿದ್ದು ತಂತಿಯ ಹಗ್ಗ. ಬಿಗಿದು ನಿಲ್ಲಬೇಕಾದ ಜಾಗಕ್ಕೇ ಇವರು ಹತ್ತಿ ಕೊಟ್ಟಿದ್ದಾರೆ.

ಕಂಪನಿಗೆ ಬರೆದೆ. ಹಡಗನ್ನು ತೇವವಿಲ್ಲದ ಕೋಣೆಯಲ್ಲಿ ಇಡಿ ಅಂತ ಉತ್ತರ ಬಂತು. ಓದಿ ಹೇಳಿದರೆ ಮಾವ, "ಅಂಥ ಕೋಣೆ ನಮ್ಮನೇಲಿ ಇದ್ದಿದ್ರೆ ಮೊದಲು ನನ್ನ ಬೂಟು ಇಡ್ತಿದ್ದೆ ಕಣಮ್ಮ" ಅಂದರು. ಸರಿಯಾದ ಮಾತೇ. ಜುಲೈನಲ್ಲಿ ಚರ್ಮದ ಬೆಲ್ಟಿಗೂ ಬೂಷ್ಟು ಬರುವ ಊರು ಇದು.

ಕೊನೆಗೆ ಎಲ್ಲ ಬಿಚ್ಚಿದೆವು. ಟೈಲರ್‌ಗಳು ತಗೊಳ್ಳುವ ಅಂಗಡಿಯಿಂದ ಕಪ್ಪು ಮತ್ತು ಕಂದು ಪಾಲಿಸ್ಟರ್ ದಾರ ತಂದೆವು. ದಪ್ಪ ಹಗ್ಗ ಬೇಕಾದ ಕಡೆಗೆ ಮಾವ ಹ್ಯಾಂಡ್ ಡ್ರಿಲ್ಲಿಗೆ ದಾರ ಸಿಕ್ಕಿಸಿ ಹೊಸೆದರು. ಮೊದಲು ಒಂದೊಂದು ಎಳೆಯನ್ನೂ ಒಂದೇ ಕಡೆಗೆ ತಿರುಚುವುದು, ಆಮೇಲೆ ಮೂರನ್ನೂ ಸೇರಿಸಿ ಉಲ್ಟಾ ಕಡೆಗೆ. ಹಾಗಾದರೆ ಬಿಟ್ಟರೂ ಬಿಚ್ಚಿಕೊಳ್ಳುವುದಿಲ್ಲ. ಕಿಟ್ಟಿನ ದಾರಕ್ಕಿಂತ ಇದೇ ಹಗ್ಗದ ಹಾಗೆ ಕಾಣುತ್ತದೆ, ಸುಮ್ನೆ ಹೇಳ್ತಿಲ್ಲ.

ಆ ಕಕ್ಕಡದ ಸಂಜೆಗಳ ಮೇಲೆ ಮಾತ್ರ ನನಗೆ ಸಿಟ್ಟಿಲ್ಲ. ನಾವಿಕರು ಕಂಬ ಹತ್ತಲು ಬಳಸುವ ಹಗ್ಗದ ಏಣಿ ಇರುತ್ತದಲ್ಲ, ಅದರ ಪ್ರತಿ ಮೆಟ್ಟಿಲನ್ನೂ ಕೈಯಲ್ಲೇ ಗಂಟು ಹಾಕಬೇಕು. ಗೆರೆ ಹಾಕಿದ ರಟ್ಟನ್ನು ಏಣಿಯ ಹಿಂದೆ ಇಟ್ಟರೆ ಮೆಟ್ಟಿಲು ಸಮ ಬರುತ್ತವೆ. ಮಾವ ದಾರವನ್ನು ಜೇನುಮೇಣದ ಮೇಲೆ ಎಳೆದು ಕೊಡುವರು, ಎಳೆಯ ನವಿರು ಕೂತು ದಾರ ನುಣ್ಣಗಾಗುತ್ತದೆ. ಮೇಣ ಭಾಗಮಂಡಲದ ಕಡೆಯದು, ಮೂಗಿಗೆ ಹಿಡಿದರೆ ಇನ್ನೂ ಜೇನುತುಪ್ಪದ ವಾಸನೆ. ನಾನು ಚಿಮುಟದಲ್ಲಿ ದಾರ ಹಿಡಿದು ಸುತ್ತು ಹಾಕಿ, ಮೇಲಿಂದ ದಾಟಿಸಿ, ಇನ್ನೊಂದು ಸುತ್ತು ಹಾಕಿ ಅದರಡಿ ತೂರಿಸುವುದು. ಮುಂದಿನ ದಾರಕ್ಕೆ ಮತ್ತೆ ಅದೇ. ಗಂಟು ಜಾಸ್ತಿ ಬಿಗಿದರೆ ಏಣಿ ನಡುವಲ್ಲಿ ಸೊಂಟದ ಹಾಗೆ ಒಳಗೆ ಸರಿಯುತ್ತದೆ. ಮಾವ ಕನ್ನಡಕ ಏರಿಸಿ, "ಸಡಿಲು ಬಿಡು, ಸಡಿಲು ಬಿಡು" ಅನ್ನುವರು. ಬೆಲ್ಲದ ಕಾಫಿ ಮಾತ್ರ ಕಿಟಕಿ ಹತ್ತಿರದ ಸ್ಟೂಲಿನ ಮೇಲೆ, ಹಡಗಿನಿಂದ ದೂರ. ಮದುವೆಯಾಗಿ ಬಂದಾಗಿನಿಂದ ಅವರು ತಮ್ಮ ಸೇನೆಯ ದಿನಗಳ ಬಗ್ಗೆ ನನ್ನ ಹತ್ತಿರ ಹೆಚ್ಚು ಮಾತಾಡಿರಲಿಲ್ಲ. ಏಣಿ ಕಟ್ಟುವಾಗ ತಾವಾಗಿ ಮಾತಾಡಿದರು.

ಒಡಲಿನ ಕೆಳಗೆ ಅಂಟಿಸುವ ತಾಮ್ರದ ಬಿಲ್ಲೆಗಳು ಮಳೆಗೆ ಚಾಕೊಲೇಟ್ ಬಣ್ಣಕ್ಕೆ ತಿರುಗಿವೆ. ನಮಗೆ ಅದು ಬಹಳ ಇಷ್ಟ. ಅತ್ತೆಗೆ ಹುಣಸೆಹಣ್ಣು ಹಚ್ಚಿ ಉಜ್ಜುವ ಆಸೆ. ಹಾಗಾಗಿ ಗಾಜಿನ ಪೆಟ್ಟಿಗೆಗೆ ಬೀಗ ಹಾಕಿದ್ದೇವೆ. ತೇವ ಸೇರದಿರಲಿ ಅಂತ ಒಳಗೆ ಒಂದು ಸಣ್ಣ ಬಲ್ಬ್ ಉರಿಯುತ್ತದೆ. ಎಲ್‌ಇಡಿ ಹಾಕಬೇಡಿ, ಅದು ಬಿಸಿಯಾಗುವುದಿಲ್ಲ. ಹಳೇ ಫಿಲಮೆಂಟ್ ಬಲ್ಬೇ ಬೇಕು.

ತಗೊಳ್ಳಬಹುದಾ? ಕಸ್ಟಮ್ಸ್ ಸುಂಕ ಸೇರಿದ ಮೇಲೆ ಬೆಲೆ ನಮ್ಮಂಥವರಿಗೆ ಭಾರವೇ, ಕಾಫಿಗೆ ಒಳ್ಳೆ ರೇಟು ಇದ್ದ ವರ್ಷ ಅಂತ ತಗೊಂಡೆವು. ಬೆಂಗಳೂರು, ಮೈಸೂರಿನವರು ಧೈರ್ಯವಾಗಿ ತಗೊಳ್ಳಿ. ಘಟ್ಟದ ಕಡೆಯವರು ಕಿಟ್ ಬರುವ ಮೊದಲೇ ಪಾಲಿಸ್ಟರ್ ದಾರ ತಂದಿಟ್ಟುಕೊಳ್ಳಿ. ಒಡಲಿನ ಅಂಟಿನ ಕೆಲಸ ಮೇ ಒಳಗೆ ಮುಗಿಸಿ, ಗಂಟಿನ ಕೆಲಸವನ್ನು ಮಳೆಗೆ ಬಿಡಿ. ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ.

ಮಾವನ ಕಣ್ಣು ಈಗ ಟ್ರಿಂಕೋಮಲಿ ಮೇಲಿದೆ. ಅದು 1817ರಲ್ಲಿ ಮುಂಬೈಯಲ್ಲಿ ತೇಗದಿಂದ ಕಟ್ಟಿದ ಯುದ್ಧನೌಕೆ, ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇವತ್ತಿಗೂ ತೇಲುತ್ತಿದೆ. ಕಿಟ್ ಬೇಡ, ಬರೀ ಪ್ಲ್ಯಾನ್ ತರಿಸೋಣ ಅನ್ನುವುದರಲ್ಲಿ ಇಬ್ಬರದೂ ಒಂದೇ ಮಾತು. ಮರದ ವಿಷಯದಲ್ಲಿ ಮಾತ್ರ ಜಗಳ. ನಮ್ಮ ಹಿತ್ತಲಿನ ತೇಗವೇ ಆಗಬೇಕು ಅಂತ ಅವರು. ಅಷ್ಟು ಸಣ್ಣ ಹಡಗಿಗೆ ತೇಗದ ಎಳೆ ಒರಟಾಗಿ ಕಾಣುತ್ತೆ ಅಂತ ನಾನು.